ಕಂಡದ್ದನ್ನು ಅಳೆದವರು

ಚೌಕ ಕಲ್ಲು ಹಾಸಿದ ಒಂದು ಪಡಸಾಲೆಯನ್ನು ಚಿತ್ರದಲ್ಲಿ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಹತ್ತಿರದ ಸಾಲು ದೊಡ್ಡದಾಗಿ, ದೂರದ ಸಾಲು ಚಿಕ್ಕದಾಗಿ ಕಾಣಬೇಕು ಎನ್ನುವುದು ಮಕ್ಕಳಿಗೂ ಗೊತ್ತು. ಆದರೆ ಎಷ್ಟು ಚಿಕ್ಕದಾಗಿ? ಮೊದಲ ಸಾಲನ್ನು ಒಂದು ಅಂಗುಲ ಎತ್ತರಕ್ಕೆ ಬರೆದರೆ ಎರಡನೆಯದು ಮುಕ್ಕಾಲು ಅಂಗುಲವೋ ಅರ್ಧ ಅಂಗುಲವೋ? ಹತ್ತನೆಯದರ ಗತಿಯೇನು? ಕ್ಷುಲ್ಲಕವೆನಿಸುವ ಈ ಪ್ರಶ್ನೆ ಇಟಲಿಯ ಚಿತ್ರಕಾರರನ್ನು ತಲೆಮಾರುಗಟ್ಟಲೆ ಕಾಡಿತು.

ಸಿಯೆನಾ ಪಟ್ಟಣದ ಅಂಬ್ರೋಜಿಯೊ ಲೊರೆನ್ಜೆಟ್ಟಿ 1344ರಲ್ಲಿ ದೇವದೂತ ಮರಿಯಳಿಗೆ ಮಂಗಳವಾರ್ತೆ ಹೇಳುವ ಚಿತ್ರವೊಂದನ್ನು ಬರೆದ. ಅದರ ನೆಲದ ಗೆರೆಗಳನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಂದರೆ ಉದ್ದಗೆರೆಗಳ ಗುಟ್ಟು ಅವನ ಕೈಗೆ ಸಿಕ್ಕಿತ್ತು. ಅಡ್ಡಗೆರೆಗಳಿಗೆ ಮಾತ್ರ ಆ ಕಾಲದ ಚಿತ್ರಶಾಲೆಗಳಲ್ಲಿ ಅಂದಾಜಿನ ಸೂತ್ರಗಳೇ ಗತಿ. ಪ್ರತಿ ಸಾಲೂ ಅದಕ್ಕಿಂತ ಮೊದಲಿನ ಸಾಲಿನ ಮೂರರಲ್ಲಿ ಎರಡು ಪಾಲು ಎತ್ತರವಿರಲಿ ಎನ್ನುವುದು ಅಂಥದ್ದೊಂದು ಸೂತ್ರ. ನೋಡಿದರೆ ನಂಬುವ ಹಾಗೆಯೇ ಇರುತ್ತದೆ. ಆದರೆ ಚೌಕಗಳ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೆದರೆ ಬಣ್ಣ ಬಯಲಾಗುತ್ತದೆ. ನಿಜವಾದ ನೆಲದ ಮೇಲೆ ನೇರವಾಗಿರುವ ಕರ್ಣ ಚಿತ್ರದಲ್ಲಿ ಡೊಂಕಾಗಿಬಿಡುತ್ತದೆ.

ಸೂತ್ರದ ದೋಷ ಮೂರರಲ್ಲಿ ಎರಡು ಎಂಬ ಸಂಖ್ಯೆಯಲ್ಲಿಲ್ಲ. ಆ ಜಾಗದಲ್ಲಿ ಯಾವ ಭಿನ್ನರಾಶಿ ಹಾಕಿದರೂ ಅಷ್ಟೇ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಸೂತ್ರ ಕೇಳುವುದೇ ಇಲ್ಲ, ದೋಷ ಅಲ್ಲಿದೆ. ಇದನ್ನು ತಿದ್ದುವ ಪ್ರಯತ್ನದಲ್ಲಿ 15ನೆಯ ಶತಮಾನದ ಫ್ಲಾರೆನ್ಸ್ ಕಂಡುಕೊಂಡದ್ದು ಚಿತ್ರಕಲೆಗಿಂತ ದೊಡ್ಡ ಸಂಗತಿ: ನೋಟವನ್ನೂ ಅಳೆಯಬಹುದು.

ಕಾಳಿನಷ್ಟು ರಂಧ್ರ, ಒಂದು ಕನ್ನಡಿ

ಫಿಲಿಪ್ಪೊ ಬ್ರುನೆಲೆಸ್ಕಿ ಚಿತ್ರಕಾರನಲ್ಲ. ಅಕ್ಕಸಾಲಿಗನಾಗಿ ತರಬೇತಿ ಪಡೆದು ಕಟ್ಟಡಗಳ ಕಡೆಗೆ ಹೊರಳಿದವನು. ಫ್ಲಾರೆನ್ಸಿನ ಮಹಾ ಇಗರ್ಜಿಯ ಮೇಲೆ 1420ರಿಂದ 1436ರವರೆಗೆ ಎದ್ದ ಬೃಹತ್ ಗುಮ್ಮಟ ಅವನದೇ. ಗುಮ್ಮಟ ಮುಗಿಯುವುದಕ್ಕೆ ಎಷ್ಟೋ ಮೊದಲು ಅವನು ಮಾಡಿ ತೋರಿಸಿದ ಒಂದು ಪ್ರಯೋಗದ ವಿವರ, ಅವನ ಜೀವನಚರಿತ್ರೆ ಬರೆದ ಆಂಟೊನಿಯೊ ಮನೆಟ್ಟಿಯಿಂದ ನಮಗೆ ದಕ್ಕಿದೆ.

ಇಗರ್ಜಿಯ ನಡುಬಾಗಿಲಿನ ಒಳಗೆ ನಿಂತರೆ ಎದುರಿಗೆ ಎಂಟು ಮೂಲೆಯ ದೀಕ್ಷಾಸ್ನಾನದ ಮಂದಿರ ಕಾಣುತ್ತದೆ. ಆ ನೋಟವನ್ನು ಬ್ರುನೆಲೆಸ್ಕಿ ಸುಮಾರು ಒಂದು ಅಡಿಯ ಚೌಕ ಹಲಗೆಯ ಮೇಲೆ ಬರೆದ. ಆಕಾಶವಿರಬೇಕಾದ ಕಡೆ ಬಣ್ಣ ಹಚ್ಚದೆ ಮೆರುಗು ಕೊಟ್ಟ ಬೆಳ್ಳಿಯನ್ನು ಕೂರಿಸಿದ. ಹಲಗೆಯಲ್ಲಿ ಕಾಳಿನ ಗಾತ್ರದ ಒಂದು ರಂಧ್ರ ಕೊರೆದ. ನೋಡುವವರು ಹಲಗೆಯ ಹಿಂಬದಿಯಿಂದ ಆ ರಂಧ್ರಕ್ಕೆ ಒಂದು ಕಣ್ಣಿಟ್ಟು, ಒಂದು ಕೈಯಲ್ಲಿ ಕನ್ನಡಿಯನ್ನು ಎದುರಿಗೆ ಹಿಡಿಯಬೇಕು. ಕನ್ನಡಿಯಲ್ಲಿ ಚಿತ್ರ ಕಾಣುತ್ತದೆ, ಬೆಳ್ಳಿಯ ಆಕಾಶದಲ್ಲಿ ಆ ಹೊತ್ತಿನ ಮೋಡಗಳೇ ತೇಲುತ್ತವೆ. ಕನ್ನಡಿ ಇಳಿಸಿದರೆ ನಿಜವಾದ ಮಂದಿರ. ಎತ್ತಿದರೆ ಮತ್ತೆ ಚಿತ್ರ. ಎರಡೂ ಒಂದರ ಮೇಲೊಂದು ಕೂಡುತ್ತವೆ.

ಆ ರಂಧ್ರದ ಕೆಲಸವೇನು? ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರವಿದೆ. ಎರಡಕ್ಕೂ ಕಾಣುವ ದೃಶ್ಯ ಕೊಂಚ ಬೇರೆ, ಆ ವ್ಯತ್ಯಾಸದಿಂದ ಮಿದುಳು ಆಳವನ್ನು ಅಳೆಯುತ್ತದೆ. ತಲೆ ಅಲುಗಿಸಿದಾಗ ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಅದೂ ಆಳದ ಸುಳಿವು. ಎರಡು ಕಣ್ಣಿಟ್ಟು ತಲೆಯಾಡಿಸುತ್ತ ನೋಡಿದರೆ ಯಾವ ಚಿತ್ರವೂ ಚಪ್ಪಟೆಯೆಂದು ತಿಳಿದುಹೋಗುತ್ತದೆ. ಬ್ರುನೆಲೆಸ್ಕಿಯ ರಂಧ್ರ ಈ ಎರಡೂ ಸಾಕ್ಷಿಗಳ ಬಾಯಿ ಮುಚ್ಚಿಸಿತು. ಜೊತೆಗೆ ನೋಡುವ ಕಣ್ಣು ಇರಬೇಕಾದ ಜಾಗವನ್ನೂ ಗೊತ್ತುಮಾಡಿತು. ಚಿತ್ರ ಸರಿಯೋ ತಪ್ಪೋ ಎಂಬುದನ್ನು ಯಾರು ಬೇಕಾದರೂ ಬಂದು ಪರೀಕ್ಷಿಸಬಹುದಾದ ವ್ಯವಸ್ಥೆ ಅದು. ವಿಜ್ಞಾನದಲ್ಲಿ ಪ್ರಯೋಗವೆಂದು ನಾವು ಕರೆಯುವುದೂ ಇದನ್ನೇ. ಹಲಗೆ ಉಳಿದುಬಂದಿಲ್ಲ, ವಿಧಾನ ಉಳಿಯಿತು.

ಅಂಗಡಿಯ ಗಣಿತ, ಕಣ್ಣಿನ ಗಣಿತ

ಬ್ರುನೆಲೆಸ್ಕಿ ತನ್ನ ಲೆಕ್ಕವನ್ನು ಬರೆದಿಡಲಿಲ್ಲ. ಬರೆದವನು ಲಿಯೊನ್ ಬಟ್ಟಿಸ್ಟಾ ಆಲ್ಬರ್ಟಿ. ಚಿತ್ರಕಲೆಯ ಬಗ್ಗೆ ಅವನು 1435ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದ. ಮರುವರ್ಷ ಇಟಾಲಿಯನ್ ಭಾಷೆಗೆ ತಂದು ಬ್ರುನೆಲೆಸ್ಕಿಗೆ ಅರ್ಪಿಸಿದ. ಮೂರರಲ್ಲಿ ಎರಡು ಪಾಲಿನ ಸೂತ್ರವನ್ನು ತಪ್ಪೆಂದು ತಳ್ಳಿಹಾಕಿದ್ದು ಈ ಪುಸ್ತಕವೇ.

ಆಲ್ಬರ್ಟಿಯ ಪ್ರಕಾರ ಚಿತ್ರವೆಂದರೆ ಒಂದು ತೆರೆದ ಕಿಟಕಿ. ಆಚೆಗಿನ ಪ್ರತಿ ಬಿಂದುವಿನಿಂದಲೂ ಕಣ್ಣಿಗೆ ಒಂದು ಕಿರಣ ಬರುತ್ತದೆ. ಆ ಕಿರಣ ಕಿಟಕಿಯ ಸಮತಲವನ್ನು ಎಲ್ಲಿ ಹಾಯುತ್ತದೋ ಅಲ್ಲಿ ಆ ಬಿಂದುವನ್ನು ಗುರುತಿಸಿದರೆ ಚಿತ್ರ ಸಿದ್ಧ. ಲೆಕ್ಕ ಮಾಡಿ ನೋಡೋಣ. ಆಲ್ಬರ್ಟಿ ಮನುಷ್ಯನ ಎತ್ತರವನ್ನು ಮೂರು ಬ್ರಾಚ್ಚೊ ಎಂದು ಹಿಡಿಯುತ್ತಾನೆ. ಬ್ರಾಚ್ಚೊ ಎಂದರೆ ಫ್ಲಾರೆನ್ಸಿನ ಅಳತೆಯಲ್ಲಿ ಸುಮಾರು 58 ಸೆಂಟಿಮೀಟರ್. ಕಣ್ಣು ಮೂರು ಬ್ರಾಚ್ಚೊ ಎತ್ತರದಲ್ಲಿ, ಕಿಟಕಿಯಿಂದ ಆರು ಬ್ರಾಚ್ಚೊ ಹಿಂದೆ ಇರಲಿ. ಆಚೆಗೆ ಒಂದೊಂದು ಬ್ರಾಚ್ಚೊ ಅಗಲದ ಕಲ್ಲುಗಳು. ಆಗ ಮೊದಲ ಸಾಲು ಚಿತ್ರದಲ್ಲಿ 0.43 ಬ್ರಾಚ್ಚೊ ಎತ್ತರ ಹಿಡಿಯುತ್ತದೆ. ಎರಡನೆಯದು 0.32, ಮೂರನೆಯದು 0.25, ನಾಲ್ಕನೆಯದು 0.20. ಒಂದು ಸಾಲಿಗೂ ಅದಕ್ಕಿಂತ ಮೊದಲಿನ ಸಾಲಿಗೂ ಇರುವ ಪ್ರಮಾಣ ಮೊದಲು ಎಂಟರಲ್ಲಿ ಆರು, ಆಮೇಲೆ ಒಂಬತ್ತರಲ್ಲಿ ಏಳು, ಆಮೇಲೆ ಹತ್ತರಲ್ಲಿ ಎಂಟು. ಪ್ರಮಾಣ ಸಾಲಿನಿಂದ ಸಾಲಿಗೆ ಬದಲಾಗುತ್ತಲೇ ಹೋಗುತ್ತದೆ. ನೋಡುವವನು ಇನ್ನೂ ಹಿಂದೆ ಸರಿದು ನಿಂತರೆ ಈ ಎಲ್ಲ ಅಂಕಿಗಳೂ ಬೇರೆಯಾಗುತ್ತವೆ. ಆದರೆ ಅವನು ಎಲ್ಲಿ ನಿಂತರೂ ಕರ್ಣ ಮಾತ್ರ ನೆಟ್ಟಗೇ ಇರುತ್ತದೆ. ಚಿತ್ರ ಸರಿಯಾಗಿದೆಯೇ ಎಂದು ತಿಳಿಯಲು ಆಲ್ಬರ್ಟಿ ಕೊಟ್ಟ ಪರೀಕ್ಷೆಯೂ ಅದೇ.

ಇದಕ್ಕೆ ಬೇಕಾದ ಗಣಿತ ಸಮರೂಪ ತ್ರಿಭುಜಗಳದ್ದು, ಇನ್ನೂ ಸರಳವಾಗಿ ಹೇಳುವುದಾದರೆ ತ್ರೈರಾಶಿಕ. ಅದು ಫ್ಲಾರೆನ್ಸಿನ ಗಾಳಿಯಲ್ಲೇ ಇತ್ತು. ಊರಿನ ಇತಿಹಾಸ ಬರೆದ ಜೊವಾನ್ನಿ ವಿಲ್ಲಾನಿ, 1330ರ ದಶಕದ ಕೊನೆಯಲ್ಲಿ ಅಲ್ಲಿನ ಆರು ಲೆಕ್ಕದ ಶಾಲೆಗಳಲ್ಲಿ ಸಾವಿರದಿಂದ 1,200 ಹುಡುಗರು ಓದುತ್ತಿದ್ದರೆಂದು ದಾಖಲಿಸಿದ್ದಾನೆ. ಉಣ್ಣೆಯ ಬೆಲೆ, ನಾಣ್ಯ ವಿನಿಮಯ, ಪಾಲುದಾರರ ಲಾಭ ಎಲ್ಲಕ್ಕೂ ಅವರು ಕಲಿಯುತ್ತಿದ್ದ ಮುಖ್ಯ ಉಪಾಯ ತ್ರೈರಾಶಿಕವೇ. ಬಳಸುತ್ತಿದ್ದ ಅಂಕಿಗಳು ಭಾರತದಲ್ಲಿ ಹುಟ್ಟಿ, ಅರಬರ ಕೈದಾಟಿ, 1202ರಲ್ಲಿ ಫಿಬೊನಾಚ್ಚಿ ಬರೆದ ಪುಸ್ತಕದ ಮೂಲಕ ಇಟಲಿಯಲ್ಲಿ ಬೇರೂರಿದ್ದವು. ಅದಕ್ಕೂ ಮೂರೂವರೆ ಶತಮಾನ ಹಿಂದೆ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದ. ಇಂಥ ಲೆಕ್ಕದಲ್ಲಿ ಪಳಗಿದ್ದ ವರ್ತಕರೇ ಫ್ಲಾರೆನ್ಸಿನಲ್ಲಿ ಚಿತ್ರ ಬರೆಸುತ್ತಿದ್ದವರು. ಪರ್ಸ್ಪೆಕ್ಟಿವ್ ಎಂದು ಕರೆಯುವ ಈ ವಿದ್ಯೆ ಅವರಿಗೆ ಅಪರಿಚಿತ ಶಾಸ್ತ್ರವಾಗಿರಲಿಲ್ಲ, ತಮ್ಮ ಅಂಗಡಿಯ ಲೆಕ್ಕವೇ ಗೋಡೆಯ ಮೇಲೆ ಬಂದಿತ್ತು. ಚಿತ್ರಕಾರ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ವರ್ತಕರಿಗಾಗಿ ಲೆಕ್ಕದ ಪುಸ್ತಕವನ್ನೂ ಚಿತ್ರಕಾರರಿಗಾಗಿ ಪರ್ಸ್ಪೆಕ್ಟಿವ್ ಗ್ರಂಥವನ್ನೂ ಬರೆದವನು.

ಇನ್ನೊಂದು ಋಣ ಕೈರೋ ನಗರಕ್ಕೆ ಸಲ್ಲಬೇಕು. ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್ ಭಾವಿಸಿದ್ದ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು 11ನೆಯ ಶತಮಾನದಲ್ಲಿ ವಾದಿಸಿ, ಜ್ಯಾಮಿತಿಯ ಮೂಲಕ ವಿವರಿಸಿದವನು ಕೈರೋದ ಇಬ್ನ್ ಅಲ್-ಹೈಥಮ್. ಅವನ ಗ್ರಂಥ ಲ್ಯಾಟಿನ್ನಿಗೂ, 14ನೆಯ ಶತಮಾನದಲ್ಲಿ ಇಟಾಲಿಯನ್ನಿಗೂ ಬಂದಿತ್ತು. ಫ್ಲಾರೆನ್ಸಿನ ಶಿಲ್ಪಿ ಗಿಬೆರ್ಟಿ ತನ್ನ ಬರಹದಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದಾನೆ.

ಹಸಿ ಗಾರೆಯ ಮೇಲೆ ದಾರದ ಗುರುತು

ಲೆಕ್ಕ ಕಾಗದದಿಂದ ಗೋಡೆಗೆ ಏರಿದ್ದನ್ನು ನೋಡಬೇಕಾದರೆ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಗೆ ಹೋಗಬೇಕು. ಅಲ್ಲಿ ಮಸಾಚ್ಚೊ 1427ರ ಸುಮಾರಿಗೆ ಬರೆದ ‘ಪವಿತ್ರ ತ್ರಿತ್ವ’ ಎಂಬ ಭಿತ್ತಿಚಿತ್ರವಿದೆ. ಎತ್ತರ ಆರೂವರೆ ಮೀಟರಿಗೂ ಹೆಚ್ಚು. ಶಿಲುಬೆಯ ಹಿಂದೆ ಕಮಾನು ಛಾವಣಿಯ ಒಂದು ಮಂಟಪ ಗೋಡೆಯನ್ನು ಕೊರೆದುಕೊಂಡು ಒಳಕ್ಕೆ ಹೋದಂತೆ ಕಾಣುತ್ತದೆ. ಛಾವಣಿಯ ಗೆರೆಗಳೆಲ್ಲ ಕೂಡುವ ಬಿಂದು ಶಿಲುಬೆಯ ಬುಡದ ಬಳಿ, ಕೆಳಗೆ ನಿಂತ ಭಕ್ತನ ಕಣ್ಣಿನ ಮಟ್ಟದಲ್ಲಿದೆ. ಗಾರೆ ಹಸಿಯಿದ್ದಾಗ ದಾರ ಬಿಗಿದು ಒತ್ತಿದ ಗುರುತುಗಳು ಇಂದಿಗೂ ಅಲ್ಲಿ ಕಾಣಸಿಗುತ್ತವೆ.

ಹಸಿ ಗಾರೆಯೇ ಏಕೆ? ಅದರಲ್ಲಿರುವುದು ನೀರು ಹಾಕಿ ಅರಳಿಸಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಮತ್ತೆ ಸುಣ್ಣದ ಕಲ್ಲಾಗುತ್ತದೆ. ಹಸಿಯಿದ್ದಾಗ ಹಚ್ಚಿದ ಬಣ್ಣದ ಕಣಗಳು ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತವೆ. ಅಂಟಿನ ಅಗತ್ಯವೇ ಇಲ್ಲ. ಆದರೆ ಗಾರೆ ಒಣಗುವುದರೊಳಗೆ ಆ ದಿನದ ಭಾಗ ಮುಗಿಯಬೇಕು, ಹಾಗಾಗಿ ಲೆಕ್ಕ ಮುಂಚಿತವಾಗಿಯೇ ಪಕ್ಕಾ ಆಗಿರಬೇಕು. ಲಿಯೊನಾರ್ಡೊ ಡ ವಿಂಚಿಗೆ ಈ ಅವಸರ ಒಗ್ಗಲಿಲ್ಲ. ಮಿಲಾನಿನ ‘ಕೊನೆಯ ಭೋಜನ’ವನ್ನು (1495–98) ಅವನು ಒಣ ಗೋಡೆಯ ಮೇಲೆ ನಿಧಾನವಾಗಿ ಬರೆದ. ಸುಮಾರು 20 ವರ್ಷಗಳಲ್ಲೇ ಅದು ಹಾಳಾಗತೊಡಗಿತು. ಜ್ಯಾಮಿತಿ ಮಾತ್ರ ಮಾಸಲಿಲ್ಲ. ಗೆರೆಗಳು ಕೂಡುವ ಬಿಂದುವಿಗಾಗಿ ಹೊಡೆದ ಮೊಳೆಯ ತೂತು ಯೇಸುವಿನ ಕಣ್ತಲೆಯ ಬಳಿ ಸಿಕ್ಕಿದೆ. ಊಟದ ಮನೆಯ ಗೋಡೆ, ಛಾವಣಿ ಎಲ್ಲವೂ ಕಣ್ಣನ್ನು ಆ ಮುಖದ ಕಡೆಗೇ ತಂದು ನಿಲ್ಲಿಸುತ್ತವೆ. ಮಸಾಚ್ಚೊನಲ್ಲಿ ಭ್ರಮೆಯ ಸಾಧನವಾಗಿದ್ದ ಗಣಿತ ಇಲ್ಲಿ ಕಥೆ ಹೇಳುವ ಕೆಲಸಕ್ಕೂ ಒದಗಿತು.

ಎಣ್ಣೆಯೊಳಗಿನ ಬೆಳಕು

ಗೆರೆ ಆಳವನ್ನು ಕೊಟ್ಟಿತು. ಗಾಳಿ, ಚರ್ಮ, ರೇಷ್ಮೆ, ಕನ್ನಡಿಗಳ ಹೊಳಪು ಬಂದದ್ದು ಆಲ್ಪ್ಸ್ ಪರ್ವತದ ಉತ್ತರದಿಂದ. ಇಟಲಿಯವರು ಹಲಗೆಯ ಮೇಲೆ ಬರೆಯುವಾಗ ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದರು. ಅದು ಬೇಗ ಒಣಗುತ್ತದೆ, ಬಣ್ಣವನ್ನು ಬಣ್ಣದೊಳಗೆ ಕರಗಿಸಲು ಬಿಡುವುದಿಲ್ಲ. ಬ್ರೂಜ್ ಪಟ್ಟಣದ ಯಾನ್ ವಾನ್ ಐಕ್ ಮತ್ತು ಅವನ ಸಮಕಾಲೀನರು ಅಗಸೆ ಎಣ್ಣೆಯನ್ನು ಪಳಗಿಸಿದರು. ಅಗಸೆ ಎಣ್ಣೆ ಆವಿಯಾಗಿ ಒಣಗುವುದಲ್ಲ. ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು, ಆ ಬಿಡುವಿನಲ್ಲಿ ನೆರಳನ್ನು ಬೆಳಕಿಗೆ ನಯವಾಗಿ ಹೊಂದಿಸಬಹುದು. ಪಾರದರ್ಶಕ ಬಣ್ಣವನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿದರೆ ಬೆಳಕು ಒಳಗಿಳಿದು, ತಳದ ಬಿಳಿಯನ್ನು ಮುಟ್ಟಿ, ಬಣ್ಣ ಹೊತ್ತು ಹಿಂದಿರುಗುತ್ತದೆ.

ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಗಳ ಚಿತ್ರದಲ್ಲಿ ನೆಲ ಮತ್ತು ಛಾವಣಿಯ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಆಲ್ಬರ್ಟಿಯ ಪರೀಕ್ಷೆಯಲ್ಲಿ ಅದು ನಪಾಸು. ಆದರೆ ಹಿತ್ತಾಳೆ ದೀಪದ ಮೇಲಿನ ಹೊಳಪು, ಪೀನ ಕನ್ನಡಿಯಲ್ಲಿ ಬಾಗಿ ಕಾಣುವ ಇಡೀ ಕೋಣೆ ನೋಡಿದವರಿಗೆ ಆ ತಪ್ಪು ನೆನಪಾಗುವುದೇ ಇಲ್ಲ. ನಿಜದ ಹಾಗೆ ತೋರಿಸಲು ಎರಡು ದಾರಿಗಳಿದ್ದವು ಎಂಬುದಕ್ಕೆ ಇದು ಸಾಕ್ಷಿ.

ಎರಡನ್ನೂ ಒಂದುಗೂಡಿಸಿ ಮೂರನೆಯದನ್ನು ಸೇರಿಸಿದವನು ಲಿಯೊನಾರ್ಡೊ. ದೂರದ ಬೆಟ್ಟ ನೀಲಿಯಾಗಿ, ಅಂಚು ಮಸುಕಾಗಿ ಕಾಣುವುದು ನಡುವಿನ ಗಾಳಿಯಿಂದ ಎಂದು ಅವನು ಬರೆದಿಟ್ಟ. ಗಾಳಿಯ ಸೂಕ್ಷ್ಮ ಕಣಗಳ ಮೇಲೆ ಬೆಳಕು ಬಿದ್ದು, ಹಿಂದೆ ಕತ್ತಲೆಯಿದ್ದಾಗ ನೀಲಿ ಕಾಣುತ್ತದೆ ಎಂಬುದು ಅವನ ವಿವರಣೆ. ಕಿರುತರಂಗದ ನೀಲಿ ಬೆಳಕು ಹೆಚ್ಚು ಚದುರುತ್ತದೆ ಎಂಬ ಭೌತವಿಜ್ಞಾನಿ ರ್‍ಯಾಲೆಯ ಗಣಿತ 19ನೆಯ ಶತಮಾನದಲ್ಲಿ ಬರುವ ತನಕ ಇದಕ್ಕಿಂತ ಬಹಳ ಮುಂದೆ ಯಾರೂ ಹೋಗಲಿಲ್ಲ. ಮುಖದ ನೆರಳುಗಳನ್ನು ಅವನು ಗೆರೆಯೇ ಇಲ್ಲದಂತೆ ಕರಗಿಸುತ್ತಿದ್ದ. ಲೂವ್ರ್ ಸಂಗ್ರಹದ ಏಳು ಚಿತ್ರಗಳನ್ನು ಎಕ್ಸ್-ಕಿರಣ ವಿಧಾನದಿಂದ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಅವನ ಕೆಲವು ಪದರಗಳು ಒಂದೆರಡು ಮೈಕ್ರೋಮೀಟರಿನಷ್ಟೇ ತೆಳುವೆಂದು ತೋರಿಸಿತು. ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು.

ಬಣ್ಣದ ಬೆಲೆಯಿಂದ ಕೈಯ ಬೆಲೆಗೆ

ಫ್ಲಾರೆನ್ಸಿನ ಚಿತ್ರಕಾರರು ವೈದ್ಯರ ಮತ್ತು ಔಷಧ ವ್ಯಾಪಾರಿಗಳ ಸಂಘಕ್ಕೆ ಸೇರಿದ್ದರು. ಬಣ್ಣದ ಪುಡಿ ಸಿಗುತ್ತಿದ್ದುದು ಮದ್ದಿನ ಅಂಗಡಿಯಲ್ಲಿ. ಚಿತ್ರಕಾರನೆಂದರೆ ಕುಶಲಕರ್ಮಿ, ಚಿತ್ರದ ಬೆಲೆ ಎಂದರೆ ಬಹುಪಾಲು ಸಾಮಗ್ರಿಯ ಬೆಲೆ. ಗಿರ್ಲಾಂಡಾಯೊ 1485ರಲ್ಲಿ ಮಾಡಿಕೊಂಡ ಕರಾರು ನೀಲಿ ಬಣ್ಣವನ್ನು ಔನ್ಸಿಗೆ ನಾಲ್ಕು ಫ್ಲೊರಿನ್ ಬೆಲೆಯದ್ದೇ ಹಾಕಬೇಕೆಂದು ಕಟ್ಟುನಿಟ್ಟು ಮಾಡುತ್ತದೆ. ಆ ನೀಲಿ ಬರುತ್ತಿದ್ದುದು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲ್ಯಾಪಿಸ್ ಲಾಜುಲಿ ಕಲ್ಲಿನಿಂದ.

ಆದರೆ ಚಿತ್ರಕ್ಕೆ ಗಣಿತ ಬೇಕು ಎಂದಾದ ಮೇಲೆ ಚಿತ್ರಕಾರ ವಿದ್ವಾಂಸರ ಪಂಕ್ತಿಗೆ ಬಂದ. ಚಿನ್ನ, ನೀಲಿಗಳಿಗಿಂತ ಯಾರ ಕೈ ಎಂಬುದು ಮುಖ್ಯವಾಗತೊಡಗಿತು. 1563ರಲ್ಲಿ ಚಿತ್ರಕಾರ ವಸಾರಿಯ ಮುತುವರ್ಜಿಯಿಂದ ಫ್ಲಾರೆನ್ಸಿನಲ್ಲಿ ಚಿತ್ರಕಾರ, ಶಿಲ್ಪಿ, ವಾಸ್ತುಶಿಲ್ಪಿಗಳ ಅಕಾಡೆಮಿ ಹುಟ್ಟಿದಾಗ ಜ್ಯಾಮಿತಿಗೂ ಅಲ್ಲಿ ಜಾಗವಿತ್ತು.

ಮುದ್ರಣಯಂತ್ರ ಈ ವಿದ್ಯೆಯನ್ನು ಯುರೋಪಿನ ತುಂಬ ಹರಡಿತು. ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಇಟಲಿಗೆ ಹೋಗಿ ಕಲಿತದ್ದನ್ನು 1525ರಲ್ಲಿ ಜರ್ಮನ್ ಭಾಷೆಯಲ್ಲೇ ಅಚ್ಚು ಹಾಕಿಸಿದ. ಅದರಲ್ಲೊಂದು ಮರದಚ್ಚಿನ ಚಿತ್ರವಿದೆ. ಗೋಡೆಗೆ ಬಡಿದ ಕೊಕ್ಕೆಯಿಂದ ಒಂದು ದಾರ ಹೊರಟು, ಚೌಕಟ್ಟೊಂದನ್ನು ಹಾದು, ಮೇಜಿನ ಮೇಲಿನ ತಂತಿವಾದ್ಯವನ್ನು ಮುಟ್ಟುತ್ತದೆ. ದಾರ ಚೌಕಟ್ಟನ್ನು ಹಾಯುವ ಬಿಂದುಗಳನ್ನು ಇಬ್ಬರು ಒಂದೊಂದಾಗಿ ಗುರುತಿಸುತ್ತಿದ್ದಾರೆ. ಕಣ್ಣಿನ ಸ್ಥಾನದಲ್ಲಿರುವುದು ಗೋಡೆಯ ಕೊಕ್ಕೆ! ನೋಡುವವನೇ ಇಲ್ಲದೆ ನೋಟವನ್ನು ದಾಖಲಿಸಬಹುದೆಂದು ಫೋಟೊಗ್ರಫಿಗೆ ಮೂರು ಶತಮಾನ ಮೊದಲೇ ಡ್ಯೂರರ್ ತೋರಿಸಿಬಿಟ್ಟ. 1543ರಲ್ಲಿ ವೆಸಾಲಿಯಸ್ ತನ್ನ ಅಂಗರಚನಾ ಗ್ರಂಥವನ್ನು ಬಾಸೆಲ್‌ನಲ್ಲಿ ಅಚ್ಚು ಮಾಡಿಸಿದಾಗ, ಸ್ನಾಯು ಎಲುಬುಗಳ ಚಿತ್ರಗಳು ಬರೀ ಅಲಂಕಾರವಾಗಿರಲಿಲ್ಲ. ಎಲ್ಲ ಪ್ರತಿಗಳಲ್ಲೂ ಒಂದೇ ರೀತಿ ಇದ್ದ ಪುರಾವೆಗಳಾಗಿದ್ದವು.

ರಂಗಭೂಮಿಯೂ ಹಿಂದೆ ಬೀಳಲಿಲ್ಲ. ವಿಚೆನ್ಜಾದ ಒಲಿಂಪಿಕೊ ರಂಗಮಂದಿರದಲ್ಲಿ (1585) ಸ್ಕಮೊಜ್ಜಿ ಕಟ್ಟಿಸಿದ ಬೀದಿಗಳು ಕೆಲವೇ ಮೀಟರಿನಲ್ಲಿ ಕಿರಿದಾಗುತ್ತ ಹೋಗಿ ಉದ್ದನೆಯ ರಸ್ತೆಗಳಂತೆ ತೋರುತ್ತವೆ. ಈ ಸಂಪ್ರದಾಯ ಯುರೋಪಿನ ನಾಟಕಶಾಲೆಗಳಿಂದ ಮುಂಬಯಿಯ ಪಾರ್ಸಿ ಕಂಪನಿಗಳಿಗೆ, ಅಲ್ಲಿಂದ ನಮ್ಮ ಕಂಪನಿ ನಾಟಕಗಳಿಗೆ ಬಂತು. ಗುಬ್ಬಿ ಕಂಪನಿಯಂಥ ತಂಡಗಳ ದರ್ಬಾರು ಪರದೆ, ರಸ್ತೆ ಪರದೆಗಳಲ್ಲಿ ಸಾಲುಗಂಬಗಳು ಹಿಂದೆ ಹಿಂದೆ ಸರಿದು ಕೂಡುತ್ತಿದ್ದುದು ಆಲ್ಬರ್ಟಿಯ ಲೆಕ್ಕದಂತೆಯೇ.

ಚಂದ್ರನ ನೆರಳು

ಹೀಗೆ ಪಳಗಿದ ಕಣ್ಣು ವಿಜ್ಞಾನಕ್ಕೆ ಏನು ಕೊಟ್ಟಿತೆಂಬುದಕ್ಕೆ 1609ನೆಯ ಇಸವಿಯೇ ಉತ್ತರ. ಆ ಜುಲೈಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದ ಮೂಲಕ ಚಂದ್ರನನ್ನು ನೋಡಿ ಚಿತ್ರ ಬರೆದ. ಅದರಲ್ಲಿ ಬೆಳಕು ಕತ್ತಲೆಗಳ ನಡುವಿನ ಒರಟು ಗೆರೆ ಮತ್ತು ಕೆಲವು ಕಲೆಗಳಿವೆ. ಹ್ಯಾರಿಯಟ್ ಸಾಮಾನ್ಯನಲ್ಲ, ದೊಡ್ಡ ಗಣಿತಜ್ಞ. ಕೆಲವೇ ತಿಂಗಳ ಬಳಿಕ ಪಾದುವಾದಲ್ಲಿ ಗೆಲಿಲಿಯೋ ನೋಡಿದಾಗ ಅಲ್ಲಿ ಬೆಟ್ಟಗಳಿದ್ದವು, ಹಳ್ಳಗಳಿದ್ದವು.

ಗೆಲಿಲಿಯೋನ ದೂರದರ್ಶಕ ಹೆಚ್ಚು ಶಕ್ತಿಯದು, ಸುಮಾರು 20 ಪಟ್ಟು ಹಿಗ್ಗಿಸುತ್ತಿತ್ತು. ಹ್ಯಾರಿಯಟ್‌ನದು ಆರು ಪಟ್ಟು. ಆದರೆ ವ್ಯತ್ಯಾಸ ಗಾಜಿನದ್ದಷ್ಟೇ ಅಲ್ಲ. ಗೆಲಿಲಿಯೋ ಚಿತ್ರವಿದ್ಯೆ ಬಲ್ಲವನು. ದುಂಡಗಿನ ಉಬ್ಬಿನ ಮೇಲೆ ಓರೆ ಬೆಳಕು ಬಿದ್ದರೆ ನೆರಳು ಯಾವ ಕಡೆಗೆ, ಎಷ್ಟು ಬೀಳುತ್ತದೆಂಬುದು ಫ್ಲಾರೆನ್ಸಿನ ಚಿತ್ರಶಾಲೆಗಳ ದಿನನಿತ್ಯದ ಪಾಠ. ಚಂದ್ರನ ಕತ್ತಲೆಯ ಭಾಗದಲ್ಲಿ ಮಿನುಗುವ ಚುಕ್ಕೆಗಳನ್ನು ಅವನು ಸೂರ್ಯೋದಯದ ಮೊದಲ ಬಿಸಿಲು ತಾಗಿದ ಶಿಖರಗಳೆಂದು ಓದಿದ. ಓದಿ ಸುಮ್ಮನಾಗದೆ ಅಳೆದ. ಚುಕ್ಕೆಯೊಂದು ಬೆಳಕಿನ ಗಡಿಯಿಂದ ಚಂದ್ರನ ವ್ಯಾಸದ ಇಪ್ಪತ್ತರಲ್ಲಿ ಒಂದು ಭಾಗ ದೂರವಿತ್ತು. ವ್ಯಾಸ 2,000 ಮೈಲಿಯಾದರೆ ದೂರ 100 ಮೈಲಿ. ಲಂಬಕೋನ ತ್ರಿಭುಜದ ಲೆಕ್ಕ ಹಾಕಿದರೆ ಶಿಖರದ ಎತ್ತರ ನಾಲ್ಕು ಮೈಲಿಗೂ ಹೆಚ್ಚು. ಆಕಾಶಕಾಯಗಳು ನುಣುಪಾದ ಪರಿಪೂರ್ಣ ಗೋಳಗಳೆಂಬ ಅರಿಸ್ಟಾಟಲನ ಕಾಲದ ನಂಬಿಕೆಗೆ ಅಲ್ಲಿ ಬಿರುಕು ಬಿತ್ತು.

1610ರಲ್ಲಿ ಗೆಲಿಲಿಯೋನ ಪುಸ್ತಕ ಹೊರಬಂದ ಮೇಲೆ ಹ್ಯಾರಿಯಟ್ ಬರೆದ ಚಂದ್ರನಲ್ಲೂ ಕುಳಿಗಳು ಕಾಣಿಸಿಕೊಂಡವು. ಅತ್ತ ಗೆಲಿಲಿಯೋನ ಗೆಳೆಯ, ಚಿತ್ರಕಾರ ಚಿಗೊಲಿ, 1612ರ ವೇಳೆಗೆ ರೋಮಿನ ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಯಲ್ಲಿ ಮರಿಯಳ ಕಾಲ ಕೆಳಗೆ ಕುಳಿಬಿದ್ದ ಚಂದ್ರನನ್ನೇ ಬರೆದ.

ಒಂದು ಕಣ್ಣಿನ ಮಿತಿ

ಹಾಗೆಂದು ಪರ್ಸ್ಪೆಕ್ಟಿವ್ ಒಂದೇ ಸರಿಯಾದ ನೋಟವೆಂದು ತೀರ್ಮಾನಿಸುವಂತಿಲ್ಲ. ಅದು ಒಂದು ಕಣ್ಣಿನ, ಅಲುಗದ ತಲೆಯ ನೋಟ. ಜಾಗ ಬಿಟ್ಟು ಸರಿದರೆ ಚಿತ್ರ ಸೊಟ್ಟಗಾಗುತ್ತದೆ. ಹೋಲ್ಬೈನ್ 1533ರ ತನ್ನ ‘ರಾಯಭಾರಿಗಳು’ ಚಿತ್ರದಲ್ಲಿ ಈ ಮಿತಿಯನ್ನೇ ಆಟವಾಗಿಸಿದ: ಎದುರಿನಿಂದ ಅರ್ಥವಾಗದ ಓರೆ ಆಕಾರ ಪಕ್ಕಕ್ಕೆ ಹೋಗಿ ನೋಡಿದವರಿಗೆ ತಲೆಬುರುಡೆ. 1580ರಲ್ಲಿ ಜೆಸ್ವಿಟ್ ಪಾದ್ರಿಗಳು ಫತೇಪುರ ಸಿಕ್ರಿಗೆ ಅಚ್ಚಿನ ಚಿತ್ರಗಳಿದ್ದ ಬೈಬಲ್ ತಂದಾಗ ಅಕ್ಬರನ ಆಸ್ಥಾನದ ಬಸವನ್, ಕೇಶವದಾಸರಂಥ ಚಿತ್ರಕಾರರು ಆ ವಿದ್ಯೆಯನ್ನು ಇಡಿಯಾಗಿ ನುಂಗಲಿಲ್ಲ. ದೂರದ ಊರನ್ನು ಮಂಜಿನಲ್ಲಿ ಕರಗಿಸುವುದನ್ನೂ ನೆರಳಿನಿಂದ ಉಬ್ಬು ತರುವುದನ್ನೂ ಎತ್ತಿಕೊಂಡರು. ಅಂಗಳ, ಒಳಮನೆ, ಕೋಟೆಯಾಚೆ ನಡೆಯುವುದನ್ನೆಲ್ಲ ಒಂದೇ ಪುಟದಲ್ಲಿ ತೋರಿಸುವ ತಮ್ಮ ಮೇಲುನೋಟವನ್ನು ಬಿಟ್ಟುಕೊಡಲಿಲ್ಲ. ಹೇಳಬೇಕಾದ ಕಥೆಗೆ ಒಬ್ಬ ನೋಡುಗನ ಕಣ್ಣು ಸಾಲದೆಂದು ಅವರಿಗೆ ಗೊತ್ತಿತ್ತು.

ಗಣಿತವೂ ಮುಂದೆ ಹೋಯಿತು. ಸಮಾಂತರ ಗೆರೆಗಳು ಚಿತ್ರದಲ್ಲಿ ಕೂಡುತ್ತವಾದರೆ, ಅನಂತದಲ್ಲಿ ನಿಜವಾಗಿಯೇ ಒಂದು ಬಿಂದು ಇದೆಯೆಂದು ಒಪ್ಪಿಕೊಂಡರೇನು ನಷ್ಟ? ಫ್ರಾನ್ಸಿನ ದೆಸಾರ್ಗ್ 1639ರಲ್ಲಿ ಈ ಧೈರ್ಯ ಮಾಡಿದ. ಸುಮಾರು ಎರಡು ಶತಮಾನದ ಹೊತ್ತು ಬಹುತೇಕ ಮರೆತುಹೋಗಿದ್ದ ಆ ವಿಚಾರವನ್ನು ಪೊನ್ಸೆಲೆ 1822ರಲ್ಲಿ ಪ್ರಕ್ಷೇಪಕ ಜ್ಯಾಮಿತಿಯಾಗಿ ಬೆಳೆಸಿದ. ಇವತ್ತು ಮೊಬೈಲಿನ ಆಟವೊಂದರಲ್ಲಿ ಕಾರು ಓಡುವಾಗ ಪ್ರತಿ ಬಿಂದುವಿನ ಅಳತೆಯನ್ನೂ ಅದರ ದೂರದಿಂದ ಭಾಗಿಸುವ ಲೆಕ್ಕ ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ನಡೆಯುತ್ತದೆ. ನೆಲದ ಕಲ್ಲಿನ ಲೆಕ್ಕವೂ ಅದೇ ಆಗಿತ್ತು.

ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯೂ ಮರುಪರಿಶೀಲನೆಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿ ಓಡುತ್ತದೆ. ಆಲ್ಬರ್ಟಿ ಜಗತ್ತಿನಿಂದ ಚಿತ್ರಕ್ಕೆ ಹೋದ, ಯಂತ್ರ ಚಿತ್ರದಿಂದ ಜಗತ್ತಿಗೆ ಬರುತ್ತದೆ. ಆದರೆ ಒಂದೇ ಚಿತ್ರದಿಂದ ಅದು ಆಗದು. ಕಿರಣದ ದಿಕ್ಕು ಗೊತ್ತಾದರೂ ಚೆಂಡು ಆ ಕಿರಣದ ಮೇಲೆ ಎಷ್ಟು ದೂರದಲ್ಲಿದೆ ಎಂದು ಹೇಳಲು ಬೇರೆ ಜಾಗದಲ್ಲಿ ನಿಂತ ಇನ್ನೊಂದು ಕ್ಯಾಮೆರಾ ಬೇಕೇ ಬೇಕು. ಮೈದಾನದ ಸುತ್ತ ಹಲವು ಕ್ಯಾಮೆರಾಗಳನ್ನು ನಿಲ್ಲಿಸುವುದು ಅದಕ್ಕೇ. ಒಂದು ಚಿತ್ರ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ಒಬ್ಬನ ಹೇಳಿಕೆ. ಬ್ರುನೆಲೆಸ್ಕಿಯ ರಂಧ್ರ ಇನ್ನೊಂದು ಕಣ್ಣನ್ನು ಮುಚ್ಚಿಸಿ ನಮ್ಮನ್ನು ನಂಬಿಸಿತು. ಫೋಟೊ, ವಿಡಿಯೊಗಳನ್ನೇ ಸಾಕ್ಷಿಯೆಂದು ನಂಬುವ ಕಾಲದಲ್ಲಿ ಆ ಇನ್ನೊಂದು ಕಣ್ಣು ಎಲ್ಲಿದೆಯೆಂದು ಕೇಳುವುದು ನೋಡುಗರ ಹೊಣೆ.